ಮಗ್ಗಿ ಒಪ್ಪಿಸಿದರೆ ಶೂ

ಇವತ್ತು ಎದ್ದ ಕೂಡಲೇ ಎರಡು ಸೀನು ಬಂದವು. ಧೂಳಿರಬೇಕು ಎಂದುಕೊಂಡೆ. ಮೆಲ್ಬೋರ್ನಿನ ಅಂಚಿನ ಈ ಟ್ರುಗನಿನಾದಲ್ಲಿ ಧೂಳಿಗೆ ಬರವೇ? ನಮ್ಮ ಹಿತ್ತಲಿನ ಬೇಲಿಯಾಚೆ ಹೊಸ ಮನೆಗಳ ಸಾಲೊಂದು ಏಳುತ್ತಲೇ ಇದೆ, ಅದರಾಚೆ ಗೋದಾಮುಗಳು, ಗೋದಾಮುಗಳ ಮುಂದೆ ಲಾರಿಗಳು. ಮೂರನೆಯ ಸೀನು ಬಂದಾಗ ಅದನ್ನು ಎಣಿಕೆಗೆ ಸೇರಿಸದೆ ಗರಾಜಿಗೆ ನಡೆದೆ. ಮೆಲ್ಬೋರ್ನಿನ ಮ್ಯಾರಥಾನಿಗೆ ಇನ್ನು ಮೂರೇ ವಾರ! ಇವತ್ತಿನ ಪಟ್ಟಿಯಲ್ಲಿ ಮೂವತ್ತು ಕಿಲೋಮೀಟರ್ ಇದೆ. ಅದನ್ನು ನೆನೆದರೆ ಸಾಕು, ನಲವತ್ತೈದು ದಾಟಿದ ಈ ಕಾಲುಗಳು ನೆಲದ ಮೇಲೆ ನಿಲ್ಲುವುದಿಲ್ಲ. ಶೂ ಹಾಕಿಕೊಂಡೆ, ಲೇಸು ಕಟ್ಟಿದೆ, ನೀರಿನ ಬಾಟಲಿಗಾಗಿ ಹಳೆಯ ಓಟದ ಬ್ಯಾಗಿನ ಪಕ್ಕದ ಜೇಬಿಗೆ ಕೈ ಹಾಕಿದೆ. ಸಿಕ್ಕಿದ್ದು ಬಾಟಲಿಯಲ್ಲ, ನಾಲ್ಕಾಗಿ ಮಡಿಸಿದ ಒಂದು ಬಿಳಿ ಕರ್ಚೀಫು. ಮೂಗಿನ ಹತ್ತಿರ ತಂದೆ. ನೀಲಗಿರಿ ಎಣ್ಣೆ!

ಎರಡು ವರ್ಷದ ಹಿಂದಿನ ಕರ್ಚೀಫಿನಲ್ಲಿ ಎಣ್ಣೆಯ ವಾಸನೆ ಉಳಿದಿರಲು ಸಾಧ್ಯವೇ? ಆರಿಹೋಗುವುದೇ ಆ ಎಣ್ಣೆಯ ಗುಣ. ಅದೂ ಅಲ್ಲದೆ ನಮ್ಮ ಬೀದಿಯ ಕೊನೆಯಲ್ಲಿ ನಾಲ್ಕು ನೀಲಗಿರಿ ಮರಗಳಿವೆ, ನಿನ್ನೆ ಮಳೆ ಬಂದಿದೆ, ಗರಾಜಿನ ಬಾಗಿಲು ತೆರೆದಿದೆ. ವಾಸನೆ ಬಂದದ್ದು ಕರ್ಚೀಫಿನಿಂದಲೋ ಬೀದಿಯಿಂದಲೋ ಎಂದು ಪರೀಕ್ಷಿಸಲು ನಾನು ಎರಡು ಸಲ ಹೊರಗೆ ಹೋಗಿ ಒಳಗೆ ಬಂದೆ. ನಗಬೇಡಿ. ಸಂಖ್ಯಾಶಾಸ್ತ್ರ ಓದಲು ಈ ದೇಶಕ್ಕೆ ಬಂದವನು ನಾನು. ನನಗೆ ಕಲಿಸಿದವರು ಒಂದೇ ಒಂದು ಉದಾಹರಣೆಯನ್ನು ನಂಬಬೇಡ ಎಂದು ಕಲಿಸಿದರು. ನೆನಪೆಂದರೆ ಯಾವಾಗಲೂ ಒಂದೇ ಒಂದು ಉದಾಹರಣೆ. ಹಾಗಾಗಿ ಮುಂದೆ ಹೇಳುವುದನ್ನೆಲ್ಲ ನೀವು ಒಂದು ಚಿಟಿಕೆ ಅನುಮಾನ ಬೆರೆಸಿಯೇ ಓದಬೇಕು. ಅನುಮಾನ ಸಾಲದಿದ್ದರೆ ನನ್ನ ಹೆಂಡತಿ ರಶ್ಮಿಯನ್ನು ಕೇಳಿ, ಅವಳಲ್ಲಿ ಧಾರಾಳವಾಗಿದೆ.

ಕರ್ಚೀಫು ಸರೋಜಾ ಮೇಡಂ ಅವರದು. ನನ್ನ ಜೊತೆ ಓಡುವ ಗೆಳೆಯ ನವೀನ್ ಹುಬ್ಬಳ್ಳಿಯವನು, ನಮ್ಮ ಮನೆಯಿಂದ ಎರಡು ಬೀದಿ ಆಚೆ ಇದ್ದಾನೆ. ಅವನ ಅತ್ತೆ ಅವರು. ಚಿತ್ರದುರ್ಗದ ಕಡೆಯ ಹೆಣ್ಣುಮಕ್ಕಳ ಪ್ರೌಢಶಾಲೆಯೊಂದರಲ್ಲಿ ಪಿ.ಟಿ. ಟೀಚರಾಗಿದ್ದು ನಿವೃತ್ತರಾದವರು. ಆ ವರ್ಷ ಜೂನಿನಲ್ಲಿ ಮೂರು ತಿಂಗಳ ವೀಸಾದ ಮೇಲೆ ಮಗಳ ಮನೆಗೆ ಬಂದಿದ್ದರು. ಬರುವಾಗ ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿ ತರಲಿಲ್ಲ, ಚಟ್ನಿಪುಡಿ ತರಲಿಲ್ಲ, ಒಂದು ದೊಡ್ಡ ಬಾಟಲಿ ನೀಲಗಿರಿ ಎಣ್ಣೆ ತಂದಿದ್ದರು. ವಿಮಾನ ನಿಲ್ದಾಣದ ಚೀಟಿಯಲ್ಲಿ ಅದನ್ನು ಪ್ರಾಮಾಣಿಕವಾಗಿ ಬರೆದೂ ಇದ್ದರು. ತಪಾಸಣೆಯವನು ಬಾಟಲಿ ಮೂಸಿ ನೋಡಿ, ಈ ಮರ ನಮ್ಮದೇ ಅಲ್ಲವೇನಮ್ಮ, ಇಲ್ಲಿ ಬೀದಿ ತುಂಬ ಇದೆಯಲ್ಲ ಎಂದು ನಕ್ಕನಂತೆ. ಮೇಡಂ ಬಾಟಲಿ ಒಳಗಿಟ್ಟುಕೊಂಡರು. “ಇರ್ಲಿ ಬಿಡಪ್ಪ, ನಮ್ಮೂರಿಂದ ತಂದಿದ್ದು ನಮ್ಮೂರಿಂದೇ” ಎಂದು ಅವನಿಗೆ ಕನ್ನಡದಲ್ಲೇ ಹೇಳಿದೆ ಎಂದು ನಮ್ಮ ಮುಂದೆ ವರ್ಣಿಸಿದರು.

ಮೊದಲ ದಿನ ನಾನು ಇಲ್ಲಿಯ ರೂಢಿಯಂತೆ “ಆಂಟಿ” ಎಂದೆ.

“ಆಂಟಿ ಗೀಂಟಿ ಬೇಡಪ್ಪ. ಮೂವತ್ತಾರು ವರ್ಷ ಮೇಡಂ ಅನ್ನಿಸ್ಕೊಂಡಿದೀನಿ. ಆಂಟಿ ಅಂದ್ರೆ ನನ್ನನ್ನಲ್ಲ, ಇನ್ಯಾರನ್ನೋ ಕರೆದ ಹಾಗಿರುತ್ತೆ.”

ಎತ್ತರದ ಹೆಂಗಸು, ಬೆನ್ನು ಒಂದಿಷ್ಟೂ ಬಾಗಿಲ್ಲ. ಸೀರೆಯ ಮೇಲೆ ಅಳಿಯನ ಹಳೆಯ ಜಾಕೆಟ್, ಕೊರಳಲ್ಲಿ ಕರಿಮಣಿ ಸರದ ಜೊತೆಗೇ ದಾರ ಕಟ್ಟಿದ ಸ್ಟೀಲಿನ ವಿಷಲ್. ವಿಷಲ್ ಯಾಕೆ ಎಂದು ಕೇಳಿದರೆ, ನೀನು ವಾಚ್ ಯಾಕೆ ಕಟ್ಟಿದೀಯ ಎಂದು ಕೇಳಿದರು.

ಈಗ ಆ ವರ್ಷದ ವಿಷಯಕ್ಕೆ ಬರುತ್ತೇನೆ. ಅದಕ್ಕೂ ಹಿಂದಿನ ವರ್ಷ ನಾನು ಮೆಲ್ಬೋರ್ನಿನಲ್ಲಿ ಮೊದಲ ಮ್ಯಾರಥಾನ್ ಓಡಲು ಹೋಗಿದ್ದೆ. ಆ ವಾರ ಜ್ವರವಿತ್ತು. ಮಾತ್ರೆ ನುಂಗಿ ಓಡಿದೆ. ಇಪ್ಪತ್ತೊಂಬತ್ತನೆಯ ಕಿಲೋಮೀಟರಿನಲ್ಲಿ ಟ್ರಾಮ್ ಹಳಿಯ ಪಕ್ಕದ ಕಟ್ಟೆಯ ಮೇಲೆ ಕುಳಿತವನು ಮತ್ತೆ ಏಳಲಿಲ್ಲ. ಯಾರೋ ಬೆಳ್ಳಿ ಬಣ್ಣದ ಹಾಳೆ ಹೊದಿಸಿದರು, ತಂಗಳನ್ನಕ್ಕೆ ಮುಚ್ಚಿದ ಹಾಗೆ. ಫೋನು ಬ್ಯಾಗಿನಲ್ಲಿ, ಬ್ಯಾಗು ಇನ್ನೆಲ್ಲೋ. ರಶ್ಮಿ ಓಟ ಮುಗಿಯುವಲ್ಲಿ ನಿಂತು ಎರಡು ಗಂಟೆ ಕಾಲ ಬರುವವರ ಮುಖ ನೋಡಿದಳು. ಕೊನೆಗೆ ಆಂಬುಲೆನ್ಸಿನವರ ಡೇರೆಯಲ್ಲಿ ನಾನು ಸಿಕ್ಕಾಗ ಅವಳು ಬಯ್ಯಲಿಲ್ಲ. ಮನೆಗೆ ಬಂದು ಚಹಾ ಕೊಟ್ಟು, “ಇನ್ನೊಂದು ಚಾನ್ಸ್. ಒಂದೇ. ಅದರಲ್ಲೂ ಹಿಂಗೇ ಮಾಡ್ಕೊಂಡ್ರೆ ಈ ಓಟ ಗೀಟ ಎಲ್ಲಾ ಬಂದ್. ಸರಿನಾ?” ಎಂದಳು. ಸರಿ ಎಂದೆ. ಆ ಇನ್ನೊಂದು ಚಾನ್ಸೇ ಸಿಡ್ನಿ. ಅಲ್ಲಿ ಓಟ ಮುಗಿಸಿದರೆ ನಾನು ಓಟಗಾರ, ಇಲ್ಲವಾದರೆ ಶೂ ಇಟ್ಟುಕೊಂಡಿರುವ ಐ.ಟಿ. ನೌಕರ.

ಹದಿನೆಂಟು ವಾರಗಳ ತಾಲೀಮಿನ ಪಟ್ಟಿ ಮಾಡಿದೆ. ಚಳಿಗಾಲದ ಬೆಳಗುಗಳಲ್ಲಿ ಉಸಿರು ಹೊಗೆಯಾಗುತ್ತಿದ್ದಾಗ ನವೀನನೂ ನಾನೂ ಕೆರೆಯ ಸುತ್ತ, ಗೋದಾಮುಗಳ ಸುತ್ತ, ಇನ್ನೂ ಮನೆ ಏಳದ ಖಾಲಿ ಬೀದಿಗಳಲ್ಲಿ ಓಡಿದೆವು. ಎಂಥ ಸಂಭ್ರಮ ಗೊತ್ತೇ! ಸರಿಯಾಗಿ ಹದಿನೆಂಟು ದಿನ ಬಾಕಿ ಇರುವಾಗ ಒಂದು ಬೆಳಿಗ್ಗೆ ಗಂಟಲಿನಲ್ಲಿ ಮುಳ್ಳು ಎದ್ದಿತು. ಸಂಜೆಗೆ ಜ್ವರ.

ಓಟಗಾರರಲ್ಲಿ ಒಂದು ನಿಯಮವಿದೆ. ತೊಂದರೆ ಕತ್ತಿನಿಂದ ಮೇಲಿದ್ದರೆ, ಅಂದರೆ ಮೂಗು ಸೋರುವುದು ಇತ್ಯಾದಿಯಾದರೆ, ಮೆಲ್ಲಗೆ ಓಡಬಹುದು. ಕತ್ತಿನಿಂದ ಕೆಳಗಿಳಿದರೆ, ಜ್ವರ, ಎದೆಕೆಮ್ಮು ಬಂದರೆ, ಮಲಗಬೇಕು. ನನ್ನ ಪ್ರಶ್ನೆ ಇಷ್ಟೇ ಆಗಿತ್ತು: ಗಂಟಲಿರುವುದು ಕತ್ತಿನಲ್ಲೇ. ಅದು ಮೇಲೋ, ಕೆಳಗೋ? ಈ ವಿಷಯವನ್ನು ಹಾಸಿಗೆಯಲ್ಲಿ ಕುಳಿತು ಲ್ಯಾಪ್‌ಟಾಪಿನಲ್ಲಿ ಮೂರು ಗಂಟೆ ಸಂಶೋಧಿಸಿದೆ. ಬೆಳಗಿನ ನಾಡಿಯ ಲೆಕ್ಕಕ್ಕೆ ಒಂದು ಕೋಷ್ಟಕ ಮಾಡಿದೆ. ಐವತ್ತೆಂಟು ಇರುತ್ತಿದ್ದ ನಾಡಿ ಎಪ್ಪತ್ತಾರಾಗಿತ್ತು. ಎಪ್ಪತ್ತಾರು ಬಂದದ್ದು ಸಂಶೋಧನೆಯ ಉದ್ವೇಗದಿಂದಲೂ ಇರಬಹುದೆಂದು ಅಡಿಟಿಪ್ಪಣಿ ಬರೆದೆ.

ನೋಡಲು ಬಂದ ನವೀನ್ ಬಾಗಿಲಲ್ಲೇ ತೀರ್ಪು ಕೊಟ್ಟ. “ಲೇ ದೋಸ್ತ, ಇಷ್ಟಕ್ಕ ಹಾಸ್ಗಿ ಹಿಡದ್ರ ಹ್ಯಾಂಗಲೇ? ಎದ್ದು ಎರಡು ರೌಂಡ್ ಹೊಡಿ. ಬೆವರ್ ಬಂತಂದ್ರ ಜ್ವರಾ ತಾನ ಓಡಿ ಹೋಗ್ತದ.”

ಅವನ ಹಿಂದಿನಿಂದ ಮೇಡಂ ದನಿ ಬಂತು. “ಅಳಿಯಂದ್ರೇ, ನೀವು ಸ್ವಲ್ಪ ಸುಮ್ನಿರಿ. ನಿಮ್ ಮಾತು ಕೇಳಿದ್ರೆ ಜ್ವರ ಅಲ್ಲ, ಈ ಮನುಷ್ಯ ಓಡಿ ಹೋಗ್ತಾನೆ.” ಒಳಗೆ ಬಂದು ನನ್ನ ಹಣೆಯ ಮೇಲೆ ಕೈಯಿಟ್ಟರು. ಕೋಷ್ಟಕವನ್ನು ತೋರಿಸಿದೆ, ನೋಡಲೇ ಇಲ್ಲ. ಕಣ್ಣು ಕೋಣೆಯ ಮೂಲೆಗೆ ಹೋಯಿತು. “ಶೂ ಅದೇನಾ?”

“ಹೌದು ಮೇಡಂ.”

ಎತ್ತಿ ಕಂಕುಳಲ್ಲಿ ಇಟ್ಟುಕೊಂಡರು. ನನಗೆ ಅರ್ಥವಾಗುವ ಹೊತ್ತಿಗೆ ಹೊಸಿಲು ದಾಟಿದ್ದರು. “ಮಗ್ಗಿ ಒಪ್ಪಿಸು, ಶೂ ತಗೊಂಡು ಹೋಗು” ಎಂದರು. ರಶ್ಮಿಗೆ ಆ ಕ್ಷಣದಲ್ಲಿ ಅವರು ದೇವತೆಯಂತೆ ಕಂಡಿರಬೇಕು, ಓಡಿ ಹೋಗಿ ಬಾಗಿಲು ತೆರೆದುಕೊಟ್ಟಳು.

ಈ ಶೂ ಕಿತ್ತುಕೊಳ್ಳುವ ಪದ್ಧತಿ ಅವರ ಶಾಲೆಯದು. ಜಿಲ್ಲಾ ಮಟ್ಟದ ಆಟೋಟ ಹತ್ತಿರ ಬಂದಾಗ ಜ್ವರ ಬಂದ ಹುಡುಗಿಯರು ಅದನ್ನು ಮುಚ್ಚಿಟ್ಟು ಶಾಲೆಯ ಹಿಂದಿನ ಬಯಲಿನಲ್ಲಿ ಕದ್ದು ಓಡುತ್ತಿದ್ದರಂತೆ. “ಅರ್ಧ ಜನಕ್ಕೆ ಶೂನೇ ಇರ್ತಿರ್ಲಿಲ್ಲ ಕಣಪ್ಪ. ಇದ್ದವರದ್ದು ಶೂ ಕಿತ್ಕೋತಿದ್ದೆ, ಇಲ್ದವರನ್ನ ನನ್ ಕುರ್ಚಿ ಪಕ್ಕ ಕೂರಿಸ್ಕೋತಿದ್ದೆ. ಕೂತ್ಕೊಳ್ಳೋದೂ ಪ್ರಾಕ್ಟೀಸೇ ಅಂತ ಹೇಳಿದ್ರೆ ಅಳೋರು. ಓಡೋದು ಯಾರ್ ಬೇಕಾದ್ರೂ ಕಲೀತಾರೆ. ಕೂತ್ಕೊಳ್ಳೋದು ಕಲಿಸೋದ್ರಲ್ಲಿ ನನ್ ಜೀವ ಹೋಗ್ತಿತ್ತು.”

ಮಗ್ಗಿಯ ಪರೀಕ್ಷೆಯೂ ಅಲ್ಲಿಯದೇ. ಮೆಟ್ಟಿಲು ಹತ್ತುತ್ತ ಇಳಿಯುತ್ತ ಹದಿನಾರರ ಮಗ್ಗಿಯನ್ನು ಗಟ್ಟಿಯಾಗಿ ಹೇಳಬೇಕು. ಮಾತು ಎಲ್ಲಿಯೂ ತುಂಡಾಗಬಾರದು, ಕೆಮ್ಮಬಾರದು, ಮಧ್ಯದಲ್ಲಿ ಉಸಿರು ಕದಿಯಬಾರದು. ಹಾಡು ಹೇಳಿಸಿದರೆ ಹುಡುಗಿಯರು ನಾಚುತ್ತಿದ್ದರು, ಮಗ್ಗಿಯಾದರೆ ಲೆಕ್ಕದ ಮೇಷ್ಟ್ರಿಗೂ ಖುಷಿ. ಯಾಕೆ ಹದಿನಾರು ಎಂದು ಕೇಳಿದೆ. “ಹತ್ತರದ್ದು ಮಲಗಿದಲ್ಲೇ ಹೇಳ್ಬಹುದು. ಹದಿನಾರಕ್ಕೆ ತಲೆನೂ ಬೇಕು, ಎದೆನೂ ಬೇಕು.” ಇದು ಹದಿನಾರಲ್ಲ, ಹದಿನೇಳರ ಮಗ್ಗಿ ಎಂದು ರಶ್ಮಿ ಈಗಲೂ ವಾದಿಸುತ್ತಾಳೆ. ನನ್ನ ಮಟ್ಟಿಗೆ ಹದಿನಾರು. ತೊಂಬತ್ತಾರು, ನೂರಾ ಹನ್ನೆರಡು ಎನ್ನುವಾಗ ಕಾಲಿನಲ್ಲಿ ಆ ಮೆಟ್ಟಿಲುಗಳು ಇನ್ನೂ ಎದ್ದು ಬರುತ್ತವೆ. ಕಾಲುಗಳಿಗೆ ಸುಳ್ಳು ಹೇಳುವ ಅಭ್ಯಾಸ ಕಡಿಮೆ.

ಮೂರು ದಿನಕ್ಕೆ ಜ್ವರ ಬಿಟ್ಟಿತು. ನಾಲ್ಕನೆಯ ದಿನ ನವೀನನ ಮನೆಗೆ ಹೋಗಿ ಮೆಟ್ಟಿಲ ಬುಡದಲ್ಲಿ ನಿಂತೆ. ಮೇಡಂ ಕುರ್ಚಿ ಹಾಕಿಕೊಂಡು ಕುಳಿತರು. “ಹದಿನಾರೊಂದ್ಲೆ ಹದಿನಾರು, ಹದಿನಾರೆರಡ್ಲೆ ಮೂವತ್ತೆರಡು, ಹದಿನಾರ್ಮೂರ್ಲೆ...” ಅಷ್ಟರಲ್ಲಿ ಕೆಮ್ಮು ನುಗ್ಗಿತು. ನಲವತ್ತೆಂಟು ಹೊರಗೆ ಬರಲೇ ಇಲ್ಲ.

“ಮನೆಗೆ ನಡಿ” ಎಂದರು. ಕರ್ಚೀಫಿಗೆ ನಾಲ್ಕು ಹನಿ ಎಣ್ಣೆ ಹಾಕಿ ಕೈಗಿಟ್ಟರು. “ನಿಧಾನಕ್ಕೆ ಕೆರೆ ಸುತ್ತ ನಡಿ, ಬಿಸಿನೀರು ಕುಡಿ, ಮಲಗು. ನಾಳಿದ್ದು ಬಾ.”

ನಾಳಿದ್ದು ಹೋದರೆ ಎಂಬತ್ತಕ್ಕೆ ಬಂದೆ. ಆಮೇಲೆ ತೊಂಬತ್ತಾರಕ್ಕೆ. ಸುಧಾರಣೆ ಇತ್ತು, ನಾನು ಗ್ರಾಫ್ ಕೂಡ ಬಿಡಿಸಿದೆ. ಆದರೆ ಓಟಕ್ಕೆ ಹತ್ತೇ ದಿನ ಉಳಿದಿದ್ದವು, ಪಟ್ಟಿಯಲ್ಲಿ ಕೆಂಪು ಗೆರೆಗಳು ಸಾಲುಗಟ್ಟಿದ್ದವು. ಹದಿನಾರು ವಾರ ಬೆವರಿಳಿಸಿ ಕಟ್ಟಿದ್ದೆಲ್ಲ ಹಾಸಿಗೆಯಲ್ಲಿ ಕರಗಿ ಹೋಗುತ್ತಿದೆ ಎನ್ನಿಸಿತು. ತೊಡೆ ಮುಟ್ಟಿ ನೋಡಿಕೊಂಡೆ, ಸಣ್ಣಗಾದ ಹಾಗೆ ಕಂಡಿತು. ಅಳತೆಪಟ್ಟಿ ತಂದು ಅಳೆದೆ. ಹಿಂದಿನ ಅಳತೆ ಇಲ್ಲದೆ ಈ ಅಳತೆಯಿಂದ ಏನೂ ತಿಳಿಯುವುದಿಲ್ಲ ಎಂದು ವಿಶ್ವವಿದ್ಯಾಲಯದಲ್ಲಿ ಕಲಿತದ್ದು ಆ ಹೊತ್ತಿಗೆ ನೆನಪಾಗಲಿಲ್ಲ.

ಆ ಶನಿವಾರ ರಶ್ಮಿಗೆ, “ಡ್ಯಾಂಡಿನಾಂಗ್‌ಗೆ ಹೋಗಿ ಕರಿಬೇವು, ಹುರುಳಿಕಾಳು ತಗೊಂಡು ಬರ್ತೀನಿ” ಎಂದೆ. ಕಾರಿನ ಡಿಕ್ಕಿಯಲ್ಲಿ ಹಿಂದಿನ ವರ್ಷದ ಹಳೆಯ ಶೂ ಇತ್ತು. ಟ್ರುಗನಿನಾದಲ್ಲಿ ಓಡಿದರೆ ಎರಡನೆಯ ತಿರುವಿನಲ್ಲಿ ಯಾರಾದರೊಬ್ಬ ಕನ್ನಡಿಗ ಕಂಡು ಸಂಜೆಯೊಳಗೆ ಸುದ್ದಿ ಮುಟ್ಟಿಸುತ್ತಾನೆ. ಹಾಗಾಗಿ ಇಡೀ ನಗರವನ್ನು ದಾಟಿ, ಒಂದು ಗಂಟೆ ಕಾರು ಓಡಿಸಿ ಆ ತುದಿಗೆ ಹೋದೆ. ದಾಖಲೆ ಉಳಿಯದಿರಲೆಂದು ವಾಚನ್ನು ಮನೆಯಲ್ಲೇ ಬಿಟ್ಟಿದ್ದೆ. ಅಂದಾಜಿನ ಮೇಲೆ ಇಪ್ಪತ್ತು ಕಿಲೋಮೀಟರ್ ಓಡಬೇಕು ಎಂದುಕೊಂಡಿದ್ದೆ. ಮೊದಲ ಹತ್ತು ಸ್ವರ್ಗ! ಹೊಳೆದಂಡೆಯ ದಾರಿ, ಎಳೆಬಿಸಿಲು, ನನ್ನ ಕಾಲುಗಳು ನನಗೆ ವಾಪಸ್ ಸಿಕ್ಕ ಹಾಗೆ. ಹನ್ನೆರಡರಲ್ಲಿ ಎದೆಯೊಳಗೆ ಯಾರೋ ಮರಳು ಸುರಿದರು. ಹದಿನಾಲ್ಕರಲ್ಲಿ ಬೇಲಿ ಹಿಡಿದು ನಿಂತು ಕೆಮ್ಮಿದೆ, ಎಷ್ಟು ಕೆಮ್ಮಿದೆನೆಂದರೆ ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಮುದುಕರೊಬ್ಬರು ದಾರಿ ಬದಲಿಸಿದರು.

ಮನೆಗೆ ಬಂದೆ. ರಶ್ಮಿ ನನ್ನ ಮುಖ ನೋಡಲಿಲ್ಲ, ಕೈ ನೋಡಿದಳು. “ಕರಿಬೇವೆಲ್ಲಿ?”

ಇದನ್ನು ಹೇಳಲು ನಾಚಿಕೆಯಾಗುತ್ತದೆ. ಇಡೀ ಮೆಲ್ಬೋರ್ನನ್ನು ಅಡ್ಡಕ್ಕೆ ದಾಟಿ, ವಾಚು ಬಿಟ್ಟು, ಹಳೆ ಶೂ ಹೊಂದಿಸಿ, ಅಷ್ಟೆಲ್ಲ ಯೋಚಿಸಿದವನು ಸಾಮಾನು ತರುವುದನ್ನು ಮರೆತಿದ್ದೆ.

ಸಂಜೆ ಮತ್ತೆ ಜ್ವರ ಬಂತು. ರಶ್ಮಿ ಮೇಡಂಗೆ ಫೋನ್ ಮಾಡಿದ್ದು ನನಗೆ ಕೇಳಿಸಿತು. ಬಯ್ಯಲು ಬರುತ್ತಾರೆ ಎಂದು ಕಂಬಳಿ ಹೊದ್ದು ಕಾದೆ. ಕರೆಗಂಟೆ ಸದ್ದಾಯಿತು. ಬಾಗಿಲು ತೆರೆದರೆ ಹೊಸಿಲ ಮೇಲೆ ನನ್ನ ಶೂ. ಮೇಡಂ ಆಗಲೇ ಗೇಟಿನ ಹತ್ತಿರ ಹೋಗಿದ್ದರು.

“ಮೇಡಂ, ಒಳಗೆ ಬನ್ನಿ.”

“ಬೇಡಿ. ನಿಮ್ಮ ಶೂ ನೀವೇ ಇಟ್ಕೊಳ್ಳಿ” ಎಂದರು ತಿರುಗಿ ನೋಡದೆ.

ನೀವು! ಎರಡೂವರೆ ತಿಂಗಳಿಂದ ನನ್ನನ್ನು ನೀನು, ಕಣಪ್ಪ, ಬಾರೋ ಎಂದು ಕರೆದ ಹೆಂಗಸು ನೀವು ಎಂದರು. ಕೆನ್ನೆಗೆ ಬಾರಿಸಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ನನ್ನ ಶೂ ಕಿತ್ತುಕೊಂಡಾಗ ಅದು ಶಿಕ್ಷೆ ಎಂದುಕೊಂಡಿದ್ದೆ. ವಾಪಸ್ ಕೊಟ್ಟಾಗ ತಿಳಿಯಿತು, ಶಿಕ್ಷೆ ಇದು. ಅವರು ಕುರ್ಚಿಯ ಪಕ್ಕ ಕೂರಿಸಿಕೊಳ್ಳುತ್ತಿದ್ದ ಹುಡುಗಿಯರ ಸಾಲಿನಿಂದ ನನ್ನನ್ನು ಎಬ್ಬಿಸಿ ಕಳಿಸಿದ್ದರು. ಇನ್ನು ನಾನು ಎಲ್ಲಿ ಬೇಕಾದರೂ ಓಡಬಹುದಿತ್ತು, ಕೇಳುವವರಿಲ್ಲ.

ಹಾಸಿಗೆಯಲ್ಲಿ ಬಿದ್ದುಕೊಂಡು ಎರಡು ದಿನ ಆ ಶೂಗಳನ್ನು ನೋಡಿದೆ. ಮೇಡಂ ಅವುಗಳ ಮಣ್ಣು ತೊಳೆದಿದ್ದರು. ಬಿಳಿಯ ಅಂಚು ಹೊಸದರ ಹಾಗೆ ಹೊಳೆಯುತ್ತಿತ್ತು. ಮೂರನೆಯ ಬೆಳಿಗ್ಗೆ ಜ್ವರ ಇಳಿದಾಗ ಎರಡನ್ನೂ ಎದೆಗೆ ಒತ್ತಿಕೊಂಡು, ಹವಾಯಿ ಚಪ್ಪಲಿ ಮೆಟ್ಟಿಕೊಂಡು ಎರಡು ಬೀದಿ ನಡೆದೆ. ಹಳೆಯ ಜೊತೆಯನ್ನೂ ಚೀಲದಲ್ಲಿ ಹಾಕಿಕೊಂಡಿದ್ದೆ. ಮೇಡಂ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದರು.

“ಇಟ್ಕೊಳ್ಳಿ ಮೇಡಂ.”

ಅವರು ಒಂದು ಟವೆಲ್ಲು ಹರವಿದರು, ಕ್ಲಿಪ್ ಹಾಕಿದರು, ಇನ್ನೊಂದು ಹರವಿದರು. “ಎಷ್ಟು ಜೊತೆ ಅದಾವೆ?”

“ಎರಡು.”

“ಮೂರನೇದು?”

“ದೇವ್ರಾಣೆ ಇಲ್ಲ ಮೇಡಂ.”

“ದೇವ್ರನ್ನ ನಂಬ್ತೀಯಾ ನೀನು?” ಎಂದರು. ಆ ನೀನು ಕೇಳಿದ್ದೇ ನನಗೆ ಅರ್ಧ ಕೆಮ್ಮು ಇಳಿದುಹೋಯಿತು. ವೈದ್ಯಕೀಯವಾಗಿ ಇದು ಸಾಧ್ಯವಿಲ್ಲ ಎಂದು ಬಲ್ಲೆ. ಆದರೂ ಇಳಿಯಿತು.

ಆಮೇಲಿನ ದಿನಗಳಲ್ಲಿ ನಾನು ಕೂತುಕೊಳ್ಳುವುದನ್ನು ಕಲಿತೆ. ಮೊದಲ ದಿನ ಬರೀ ಕೂತೆ. ಆಮೇಲೆ ಕೆರೆಯ ಸುತ್ತ ಮೇಡಂ ಜೊತೆ ನಡೆದೆ, ಅವರು ಮುಂದೆ, ನಾನು ಹಿಂದೆ. ಅವರ ನಡಿಗೆಗೆ ಸಮನಾಗಲು ನನಗೆ ಓಡಬೇಕೆನಿಸುತ್ತಿತ್ತು, ಓಡುವಂತಿಲ್ಲ. ಮಗ್ಗಿ ಬೆಳಿಗ್ಗೆ ತೊಂಬತ್ತಾರಕ್ಕೆ ಬಂತು, ಸಂಜೆ ನೂರಾ ಇಪ್ಪತ್ತೆಂಟಕ್ಕೆ ಬಂತು. ನವೀನ್ ಸೋಫಾದಿಂದ ಲೇವಡಿ ಮಾಡುತ್ತಿದ್ದ: “ಅತ್ತೀ, ಇಂವಾ ಮ್ಯಾರಥಾನ್ ಓಡಾಂವೋ ಎಸೆಸೆಲ್ಸಿ ಬರಿಯಾಂವೋ?” ಓಟಕ್ಕೆ ಮೂರು ದಿನ ಇರುವಾಗ ನೂರಾ ಅರವತ್ತಕ್ಕೆ ಮುಟ್ಟಿದೆ! ಮೆಟ್ಟಿಲ ಮೇಲಿನಿಂದ ಎರಡೂ ಕೈ ಎತ್ತಿದೆ.

“ಈಗ ಹಿಂದಿನಿಂದ ಹೇಳ್ತಾ ಇಳಿ” ಎಂದರು ಮೇಡಂ. “ಬಾಯಿಪಾಠ ಆಗಿರೋದನ್ನ ಉಸಿರಿಲ್ದೆನೂ ಹೇಳ್ಬಹುದು.”

ನೂರಾ ಅರವತ್ತರಿಂದ ಹದಿನಾರರವರೆಗೆ ಇಳಿದು ಬಂದೆ. ಒಂದು ಕಡೆಯೂ ಕೆಮ್ಮಲಿಲ್ಲ.

ಇಲ್ಲಿ ನನ್ನ ನೆನಪಿಗೂ ರಶ್ಮಿಯ ನೆನಪಿಗೂ ಜಗಳ. ನನ್ನ ಪ್ರಕಾರ ಮೇಡಂ ಆ ಗುರುವಾರವೇ ಮೆಟ್ಟಿಲ ಬುಡದಲ್ಲಿ ಶೂ ನನ್ನ ಕೈಗೆ ಕೊಟ್ಟು, “ಓಡು ಮಗನೇ, ನಿನ್ನ ಕಾಲುಗಳು ಏನನ್ನೂ ಮರೆತಿಲ್ಲ” ಎಂದರು. ಈ ಮಾತನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ರಶ್ಮಿಯ ಪ್ರಕಾರ ಅಂಥದ್ದೇನೂ ನಡೆಯಲಿಲ್ಲ. ಮೇಡಂ ಶೂಗಳನ್ನು ತಮ್ಮ ಸೂಟ್‌ಕೇಸಿನಲ್ಲೇ ಸಿಡ್ನಿಗೆ ಹೊತ್ತುಕೊಂಡು ಬಂದರು, ಓಟದ ದಿನ ಬೆಳಿಗ್ಗೆ ಹೋಟೆಲಿನ ಬಾಗಿಲಲ್ಲಿ ಕೊಟ್ಟರು. ಅಷ್ಟೇ.

ಸಿಡ್ನಿಗೆ ನಾವೆಲ್ಲ ಒಟ್ಟಿಗೇ ಹೋಗಿದ್ದೆವು. ಓಟದ ಮರುದಿನ ಮೇಡಂ ಅಲ್ಲಿಂದಲೇ ಊರಿಗೆ ಹೊರಡುವುದಿತ್ತು. ಬೆಳಗಿನ ಚಳಿ, ಸಾವಿರಾರು ಜನ, ಕಾಲುಗಳಿಗೆ ಹಚ್ಚಿದ ಮುಲಾಮುಗಳ ಘಾಟು. ನನ್ನ ಜೇಬಿನಲ್ಲಿ ನೀಲಗಿರಿಯ ಕರ್ಚೀಫು. ಗುಂಡಿನ ಸದ್ದೋ ಹಾರ್ನಿನ ಸದ್ದೋ ಏನೋ ಕೇಳಿತು, ಹೊರಟೇಬಿಟ್ಟೆವು! ದೊಡ್ಡ ಸೇತುವೆಯ ಮೇಲೆ ಬಂದಾಗ ಕೆಳಗೆ ನೀರು ಬೆಳಗುತ್ತಿತ್ತು, ಆಚೆ ಒಪೆರಾ ಹೌಸಿನ ಬಿಳಿಯ ಚಿಪ್ಪುಗಳು. ಅಲ್ಲಿಗೇ ಕೊನೆಗೆ ಬಂದು ಮುಟ್ಟಬೇಕು, ನಡುವೆ ಇಡೀ ಊರು ಸುತ್ತಬೇಕು. ಸಂತೋಷಕ್ಕೆ ನಾನು ಜೋರಾಗಿ ನಕ್ಕೆ. ಪಕ್ಕದವನೂ ನಕ್ಕ. ನವೀನ್ ಆಗಲೇ ಕಣ್ಣಿಗೆ ಕಾಣದಷ್ಟು ಮುಂದೆ.

ಇಪ್ಪತ್ತೊಂಬತ್ತನೆಯ ಕಿಲೋಮೀಟರಿನ ಫಲಕ ಕಂಡಿತು. ಹಿಂದಿನ ವರ್ಷದ ಕಟ್ಟೆ, ಬೆಳ್ಳಿ ಹಾಳೆ, ರಶ್ಮಿಯ ಎರಡು ಗಂಟೆ. ಮಗ್ಗಿ ಶುರುಮಾಡಿದೆ, ಗಟ್ಟಿಯಾಗಿಯೇ. ಹದಿನಾರೊಂದ್ಲೆಯಿಂದ ನೂರಾ ಅರವತ್ತು, ಅಲ್ಲಿಂದ ವಾಪಸ್. ಫಲಕ ಹಿಂದೆ ಹೋಯಿತು. ಮೂವತ್ತು, ಮೂವತ್ತೆರಡು. ಮೂವತ್ತಾರರಲ್ಲಿ ತಲೆ ಖಾಲಿಯಾಯಿತು. “ಹದಿನಾರೇಳ್ಲೆ... ಹದಿನಾರೇಳ್ಲೆ...” ಎನ್ನುತ್ತಿದ್ದೇನೆ, ಮುಂದಿನದು ಹೊಳೆಯುತ್ತಿಲ್ಲ, ಕಾಲು ನಿಲ್ಲುವುದರಲ್ಲಿದೆ. ಆಗ ಹಿಂದಿನಿಂದ ಒಂದು ಹೆಣ್ಣುದನಿ: “ನೂರಾ ಹನ್ನೆರಡು ಸರ್! ಹನ್ನೆರಡು! ನಿಲ್ಬೇಡಿ, ನಡೀರಿ!” ತಿರುಗುವಷ್ಟರಲ್ಲಿ ಹಳದಿ ಟೋಪಿಯೊಂದು ನನ್ನನ್ನು ದಾಟಿ ಗುಂಪಿನಲ್ಲಿ ಸೇರಿಹೋಯಿತು.

ಇದು ನಿಜವಾಗಿ ನಡೆಯಿತೇ? ಆಮೇಲೆ ಫಲಿತಾಂಶದ ಪಟ್ಟಿಯಲ್ಲಿ ಕನ್ನಡದವೆನಿಸುವ ಹೆಸರುಗಳನ್ನೆಲ್ಲ ಹುಡುಕಿದ್ದೇನೆ. ಮೂವತ್ತಾರು ಕಿಲೋಮೀಟರ್ ಓಡಿದ ಮಿದುಳು ಏನನ್ನಾದರೂ ಹುಟ್ಟಿಸಬಲ್ಲದು. ಆದರೆ ನನಗೆ ಮರೆತಿದ್ದ ಉತ್ತರವನ್ನು ನಾನೇ ಹುಟ್ಟಿಸಿಕೊಳ್ಳುವುದು ಹೇಗೆ? ಈ ಒಂದು ಸಾಕ್ಷಿಯ ಮುಂದೆ ನನ್ನ ಅನುಮಾನ ಸ್ವಲ್ಪ ತಲೆ ತಗ್ಗಿಸುತ್ತದೆ.

ಕೊನೆಯ ತಿರುವಿನ ಮೊದಲು, ಉದ್ಯಾನದ ಮರಗಳ ಕೆಳಗೆ ಜನ ಕಟ್ಟೆ ಕಟ್ಟಿದ ಹಾಗೆ ನಿಂತಿದ್ದರು. ಗಂಟೆ, ತಮಟೆ, ಕೂಗು. ಅದೆಲ್ಲವನ್ನೂ ಸೀಳಿಕೊಂಡು ಒಂದು ವಿಷಲ್! ಎಂಟನೆಯ ಕ್ಲಾಸಿನಿಂದ ನನ್ನ ಕಾಲು ವಿಷಲಿನ ಸದ್ದಿಗೆ ಓಗೊಟ್ಟೇ ಅಭ್ಯಾಸ. ರಶ್ಮಿ ಎರಡೂ ಕೈ ಬೀಸುತ್ತ ಕುಣಿಯುತ್ತಿದ್ದಳು, ಪಕ್ಕದಲ್ಲಿ ಸೀರೆಯ ಮೇಲೆ ಜಾಕೆಟ್ ತೊಟ್ಟ ಮೇಡಂ, ಕೆನ್ನೆ ಉಬ್ಬಿಸಿ ಊದುತ್ತಿದ್ದರು. ಆ ಹತ್ತು ಅಡಿಯಲ್ಲಿ ನಾನು ಹಾರಿದೆ ಎಂದೇ ನೆನಪು. ವಾಚಿನ ದಾಖಲೆಯಲ್ಲಿ ಅಲ್ಲಿ ವೇಗ ಹೆಚ್ಚಿದ ಗುರುತೇ ಇಲ್ಲ. ವಾಚಿನಲ್ಲಿ ದೋಷವಿರಬೇಕು.

ನಾಲ್ಕು ಗಂಟೆ ಐವತ್ತೊಂದು ನಿಮಿಷದಲ್ಲಿ ಗೆರೆ ಮುಟ್ಟಿದೆ. ನವೀನ್ ಬಾಳೆಹಣ್ಣು ತಿನ್ನುತ್ತ ಕಾಯುತ್ತಿದ್ದ. “ಬಂದ್ಯಾ ದೋಸ್ತ! ನಾ ಇನ್ನೇನ್ ಪೊಲೀಸ್ರಿಗೆ ಹೇಳಿ ಹುಡುಕಸಾಂವ ಇದ್ದೆ” ಎಂದವನು, ನನ್ನನ್ನು ಅಪ್ಪಿಕೊಂಡು ತಾನೇ ಅತ್ತುಬಿಟ್ಟ.

ಇಷ್ಟನ್ನೂ ನಾನು ಇವತ್ತು ಗರಾಜಿನ ಮೆಟ್ಟಿಲ ಮೇಲೆ ಕುಳಿತು, ಕರ್ಚೀಫು ಹಿಡಿದುಕೊಂಡು ನೆನೆದೆ. ಗಡಿಯಾರ ನೋಡಿದರೆ ಹತ್ತೂವರೆ. ಊರಿನಲ್ಲಿ ಬೆಳಗಿನ ಆರು. ಮೇಡಂ ಐದಕ್ಕೇ ಏಳುವವರು. ಫೋನ್ ಮಾಡಿದೆ.

“ಯಾರು, ಡ್ಯಾಂಡಿನಾಂಗ್ ಓಟಗಾರನಾ?” ಎಂದು ನಕ್ಕರು. ದನಿ ಒರಟಾಗಿತ್ತು.

“ಮೇಡಂ, ಒಂದು ವಿಷಯ ಕೇಳ್ಬೇಕಿತ್ತು. ಅವತ್ತು ನನಗೆ ಶೂ ಕೊಟ್ಟಾಗ ನೀವೇನು ಹೇಳಿದ್ರಿ, ನೆನಪಿದೆಯಾ?”

“ಸಿಡ್ನಿ ಹೋಟ್ಲಲ್ಲಾ? ಲೇಸ್ ಸರಿಯಾಗಿ ಕಟ್ಕೋ ಅಂದೆ. ನೀನು ಯಾವಾಗ್ಲೂ ಸಡಿಲ ಕಟ್ತೀಯ.”

“ಅಷ್ಟೇನಾ?”

“ಇನ್ನೇನ್ ಹೇಳ್ಬೇಕಿತ್ತಪ್ಪ? ಭಾಷಣ ಮಾಡ್ಬೇಕಿತ್ತಾ?” ಎಂದರು, ಮಾತಿನ ತುದಿಯಲ್ಲಿ ಕೆಮ್ಮಿದರು. ಒಂದಲ್ಲ, ನಾಲ್ಕು. ಫೋನ್ ದೂರ ಹಿಡಿದು ಕೆಮ್ಮಿದ್ದು ತಿಳಿಯುವಂತಿತ್ತು.

“ಏನು ಮೇಡಂ, ಕೆಮ್ಮು?”

“ಏನಿಲ್ಲ. ಸ್ವಲ್ಪ ಗಂಟ್ಲು. ನಾಳೆ ಬಿಟ್ಟು ಮುಂದಿನ ಭಾನುವಾರ ಹಿರಿಯರ ಕ್ರೀಡಾಕೂಟ ಇದೆ ಕಣೋ, ಎಂಟುನೂರು ಮೀಟರ್‌ಗೆ ಹೆಸರು ಕೊಟ್ಟಿದೀನಿ! ಹತ್ತು ವರ್ಷ ಆಯ್ತು ಟ್ರ್ಯಾಕ್ ಮೇಲೆ ಕಾಲಿಟ್ಟು. ಈಗ ಹೊರಟಿದ್ದೆ, ನಾಲ್ಕು ರೌಂಡ್ ಹಾಕ್ಬಿಟ್ಟು ಬರೋಣ ಅಂತ.” ಅವರ ದನಿಯಲ್ಲಿ ಹದಿನಾರರ ಹುಡುಗಿಯೊಬ್ಬಳು ಕುಣಿಯುತ್ತಿದ್ದಳು.

ನಾನು ಎದ್ದು ನಿಂತೆ. “ಮೇಡಂ, ಮನೆ ಮುಂದೆ ಮೆಟ್ಟಿಲಿದೆಯಾ?”

“ಲೋ, ನನಗೇನಾ?”

“ಹದಿನಾರರ ಮಗ್ಗಿ ಹೇಳಿ.”

ಹೇಳಿದರು. ಗತ್ತಿನಿಂದಲೇ ಶುರುಮಾಡಿದರು. ಚಪ್ಪಲಿ ಮೆಟ್ಟಿಲ ಮೇಲೆ ಟಪ್ ಟಪ್ ಎನ್ನುವುದು ಕೇಳುತ್ತಿತ್ತು. ಮೂವತ್ತೆರಡು, ನಲವತ್ತೆಂಟು, ಅರವತ್ತನಾಲ್ಕು. “ಹದಿನಾರೈದ್ಲೆ...” ಎಂಬತ್ತು ಬರಲಿಲ್ಲ. ಕೆಮ್ಮು ಬಹಳ ಹೊತ್ತು ನಡೆಯಿತು. ಹದಿನೇಳಲ್ಲ, ಹದಿನಾರೇ ಎಂಬುದು ಇತ್ಯರ್ಥವಾದದ್ದು ನನಗೆ ಆ ಹೊತ್ತಿನಲ್ಲಿ ಹೊಳೆಯಲೇ ಇಲ್ಲ.

“ಶೂ ಯಾರಿಗೆ ಕೊಡ್ತೀರಿ ಮೇಡಂ?” ಎಂದೆ ಮೆಲ್ಲಗೆ.

“ಇನ್ನೂ ಎಂಟು ದಿನ ಇದೆ ಕಣೋ.”

“ಅದಕ್ಕೇ.”

ಉಸಿರು ಬಿಟ್ಟ ಸದ್ದು. ಗೇಟಿನ ಚಿಲಕ ತೆಗೆದ ಸದ್ದು. “ರತ್ನಾ, ಏ ರತ್ನಾ, ರಂಗೋಲಿ ಆಮೇಲೆ ಹಾಕುವಂತೆ, ಬಾ ಇಲ್ಲಿ.” ಪಕ್ಕದ ಮನೆಯವಳಿರಬೇಕು, ಇನ್ನೊಂದು ದನಿ ಹತ್ತಿರ ಬಂತು: “ಏನ್ ಮೇಡಂ, ಶೂ ಯಾಕೆ ನಂಗೆ?” “ಇಟ್ಕೋ. ನಾನು ಮಗ್ಗಿ ಒಪ್ಪಿಸೋವರೆಗೂ ಕೊಡ್ಬೇಡ. ಕಾಲು ಹಿಡಿದ್ರೂ ಕೊಡ್ಬೇಡ.” ರತ್ನಾ ಜೋರಾಗಿ ನಕ್ಕಳು.

ನನಗೂ ನಗು ಬಂತು, ನಗುವಿನ ಹಿಂದೆಯೇ ನಾಲ್ಕನೆಯ ಸೀನು. ತಡೆಯಲಾಗಲಿಲ್ಲ.

“ಏನದು?” ಎಂದರು ಮೇಡಂ. ಅದು ಪಿ.ಟಿ. ಪೀರಿಯಡ್ಡಿನ ದನಿ. “ನಿನ್ ದನಿನೂ ಯಾಕೋ ಕಟ್ಟಿದ ಹಾಗಿದೆ ಅಂತ ಆಗ್ಲಿಂದ ನೋಡ್ತಿದೀನಿ. ನಿನ್ ಶೂ ಎಲ್ಲಿ?”

ಕೆಳಗೆ ನೋಡಿದೆ. ನನ್ನ ಕಾಲಿನಲ್ಲೇ ಇದ್ದವು. ಲೇಸು ಬಹಳ ಬಿಗಿಯಾಗಿ, ಸರಿಯಾಗಿ ಕಟ್ಟಿಕೊಂಡಿದ್ದೆ. ಬಗ್ಗಿ ಒಂದು ಗಂಟು ಬಿಚ್ಚಿದೆ, ಇನ್ನೊಂದು ಬಿಚ್ಚಿದೆ, ಎರಡನ್ನೂ ಕೈಯಲ್ಲಿ ಹಿಡಿದು ಒಳಗಿನ ಬಾಗಿಲು ತಳ್ಳಿದೆ.

“ರಶ್ಮೀ” ಎಂದು ಕೂಗಿದೆ, “ಇದನ್ನ ಸ್ವಲ್ಪ ಇಟ್ಕೋತೀಯಾ?”